ಮುನ್ನುಡಿಯನ್ನು ಕೊನೆಗೆ ಓದಿದ ಮಳೆಗಾಲ

ಕಾಸರಗೋಡಿನವನಾಗಿ ನಮ್ಮ ಊರಿನ ಲೇಖಕರನ್ನೇ ಸರಿಯಾಗಿ ಓದಿಲ್ಲವಲ್ಲ ಎಂಬ ಕೊರಗು ನನಗೆ ಬಹಳ ದಿನಗಳಿಂದ ಇತ್ತು. 2023ರ ಜನವರಿಯಲ್ಲಿ ಸಾರಾ ಅಬೂಬಕ್ಕರ್ ಮತ್ತು ಕೆ.ವಿ. ತಿರುಮಲೇಶ್ ಇಬ್ಬರೂ ತೀರಿಕೊಂಡಾಗ ಅದು ಇನ್ನಷ್ಟು ಕಾಡಿತು. ಈ ಮಳೆಗಾಲದಲ್ಲಿ ಗಟ್ಟಿ ಮನಸ್ಸು ಮಾಡಿ ಕುಳಿತೆ.

ನಾನು ಇಟ್ಟುಕೊಂಡದ್ದು ಎರಡೇ ನಿಯಮ. ಮುನ್ನುಡಿಯನ್ನು ಕೊನೆಗೆ ಓದಬೇಕು. ಪುಸ್ತಕ ಮುಗಿದ ರಾತ್ರಿಯೇ ಒಂದು ಪುಟ ಅಭಿಪ್ರಾಯ ಬರೆಯಬೇಕು, ಹದಿನೈದು ದಿನ ಬಿಟ್ಟು ಅದರ ಎದುರಿನ ಪುಟದಲ್ಲಿ ಮತ್ತೊಮ್ಮೆ ಬರೆಯಬೇಕು. ಮೊದಲೆಲ್ಲ ಮುನ್ನುಡಿ ಓದಿ ಪುಸ್ತಕಕ್ಕಿಳಿಯುತ್ತಿದ್ದೆ. ಆಮೇಲೆ ಹೇಳಿದ್ದೆಲ್ಲ ಮುನ್ನುಡಿಕಾರರ ಮಾತೇ ಆಗಿರುತ್ತಿತ್ತು.

ಮೊದಲು ತೆಗೆದುಕೊಂಡದ್ದು ಸಾರಾ ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’. ಕಾಞಂಗಾಡಿನ ಕೆಲಸಕ್ಕೆ ಹೋಗಿ ಬರುವಾಗ ದಿನಕ್ಕೆರಡು ಬಾರಿ ನಾನು ದಾಟುವ ಹೊಳೆ ಅದೇ. ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಅಪ್ಪನ ಹಟಕ್ಕೆ ತಲಾಖ್ ಆಗಿ, ಗಂಡನನ್ನು ಮತ್ತೆ ಸೇರಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಬೇಕೆಂಬ ಕಟ್ಟಳೆಗೆ ಸಿಕ್ಕಿದ ನಾದಿರಾ ಮಸೀದಿಯ ಕೊಳಕ್ಕೆ ನಡೆಯುವ ಭಾಗವನ್ನು ಓದಿದ ಮೇಲೆ ದೀಪ ಆರಿಸಲು ಮನಸ್ಸಾಗಲಿಲ್ಲ. ಆದರೂ ಆ ರಾತ್ರಿಯ ಪುಟದಲ್ಲಿ ಒಂದು ಆಕ್ಷೇಪವನ್ನೂ ಬರೆದೆ: ‘ತಾಯಿ ಫಾತಿಮ್ಮನಿಗೆ ಲೇಖಕಿ ಇನ್ನಷ್ಟು ಮಾತು ಕೊಡಬೇಕಿತ್ತು.’

ಹದಿನೈದು ದಿನ ಕಳೆದು ಎದುರು ಪುಟಕ್ಕೆ ಬಂದಾಗ ಆ ಸಾಲನ್ನು ಹೊಡೆದುಹಾಕಬೇಕಾಯಿತು. ಫಾತಿಮ್ಮನಂಥವರನ್ನು ನಾನು ನೋಡಿದ್ದೇನೆ. ಮಗಳ ಬದುಕು ತೀರ್ಮಾನವಾಗುವ ಹೊತ್ತಿನಲ್ಲಿ ಬಾಗಿಲ ಹಿಂದೆ ನಿಂತು ಸೆರಗಿನ ತುದಿಯನ್ನು ಹೊಸಕುವ ಕೈ ಅದು. ಅವಳ ಬಾಯಲ್ಲಿ ಉದ್ದುದ್ದ ಮಾತು ಹಾಕಿದ್ದರೆ ಅದು ಲೇಖಕಿಯ ಭಾಷಣವಾಗುತ್ತಿತ್ತು. ಈಗ ನನ್ನನ್ನು ಹೆಚ್ಚು ಕಾಡುವವಳು ನಾದಿರಾ ಅಲ್ಲ, ಅವಳ ತಾಯಿ. ಸೇತುವೆಯ ಮೇಲೆ ಬಸ್ ಬಂದಾಗ ಮೊಬೈಲಿನಿಂದ ತಲೆ ಎತ್ತಿ ನೀರನ್ನು ನೋಡುತ್ತೇನೆ.

ಗೋವಿಂದ ಪೈಗಳ ‘ಗೊಲ್ಗೊಥಾ’ ಹಾಗೆ ಸುಲಭಕ್ಕೆ ಒಲಿಯಲಿಲ್ಲ. ಯೇಸುವಿನ ಕೊನೆಯ ದಿನವನ್ನು ಮಂಜೇಶ್ವರದಲ್ಲಿ ಕುಳಿತು ಕನ್ನಡ ಕಾವ್ಯವಾಗಿಸಿದವರು ಎಂಬ ಹೆಮ್ಮೆ ಬೇಕಾದಷ್ಟಿತ್ತು. ಆದರೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ರಾತ್ರಿಗೆ ಇಪ್ಪತ್ತು ಸಾಲು ದಾಟಿದರೆ ಹೆಚ್ಚು. ಕೈಬಿಡುವುದರಲ್ಲಿದ್ದೆ. ಒಂದು ಸಂಜೆ ಅಡುಗೆಮನೆಯಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದ ಅಮ್ಮ, ನಾನು ಗುನುಗುತ್ತಿದ್ದುದನ್ನು ಕೇಳಿ, ‘ಹಾಗೆ ಲೆಕ್ಕ ಓದಿದ ಹಾಗೆ ಓದಬೇಡ, ತಾಳಮದ್ದಲೆಯಲ್ಲಿ ಅರ್ಥ ಹೇಳಿದ ಹಾಗೆ ಹೇಳು’ ಎಂದರು. ನಾಲ್ಕನೆಯ ತರಗತಿ ಓದಿದವರು ಅವರು. ಎದ್ದು ನಿಂತು, ಉಸಿರು ತೆಗೆದುಕೊಂಡು, ಸಾಲಿನ ಕೊನೆಯಲ್ಲಿ ನಿಲ್ಲದೆ ಅರ್ಥ ಮುಗಿಯುವಲ್ಲಿ ನಿಂತೆ. ಪ್ರಾಸವಿಲ್ಲದ ಆ ಸಾಲುಗಳು ಒಂದರಿಂದೊಂದಕ್ಕೆ ಹರಿಯುವ ಕ್ರಮ ಆಗ ಕಿವಿಗೆ ಬಿತ್ತು. ಕಣ್ಣಿಗೆ ಕಗ್ಗಲ್ಲಾಗಿದ್ದ ಪದಗಳು ಬಾಯಿಗೆ ಬಂದಾಗ ಅಷ್ಟು ಗಟ್ಟಿಯಾಗಿರಲಿಲ್ಲ. ಎಲ್ಲವೂ ಅರ್ಥವಾಯಿತು ಎನ್ನಲಾರೆ. ಪ್ರೀತಿಗಿಂತ ಗೌರವವೇ ಈಗಲೂ ಒಂದು ತೂಕ ಹೆಚ್ಚು.

ತಿರುಮಲೇಶರ ‘ಅಕ್ಷಯ ಕಾವ್ಯ’ವನ್ನು ಮುಗಿಸಿಲ್ಲ. 2015ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ, ಕಾರಡ್ಕದಲ್ಲಿ ಹುಟ್ಟಿದ ಕವಿ ಎಂದು ಎಲ್ಲರ ಜೊತೆ ನಾನೂ ಸಂಭ್ರಮಿಸಿದ್ದೆ. ಕೈ ಹಿಡಿದು ನಡೆಸುವ ಒಂದು ಕಥೆ ಅದರಲ್ಲಿಲ್ಲ. ಮೊದಲ ಪುಟದಿಂದ ಹಟ ಹಿಡಿದು ಓದಿದ್ದೇ ನನ್ನ ತಪ್ಪಾಯಿತು. ಈಗ ಮಲಗುವ ಮೊದಲು ಎಲ್ಲಿ ತೆರೆಯುತ್ತದೋ ಅಲ್ಲಿ ಎರಡು ಪುಟ ಓದುತ್ತೇನೆ. ಕೆಲವು ದಿನ ಏನೂ ದಕ್ಕುವುದಿಲ್ಲ. ಅದಕ್ಕೆಂದು ಟಿಪ್ಪಣಿ ಪುಸ್ತಕದಲ್ಲಿ ಎರಡು ಪುಟಗಳನ್ನು ಖಾಲಿ ಬಿಟ್ಟಿದ್ದೇನೆ.

ಮೊನ್ನೆ ಪೈಗಳ ‘ವೈಶಾಖಿ’ ತಂದೆ. ಬುದ್ಧನ ಕೊನೆಯ ದಿನಗಳ ಕಾವ್ಯ. ಈ ಬಾರಿ ಕುಳಿತು ಓದಲಿಲ್ಲ, ಮೊದಲ ಸಾಲಿನಿಂದಲೇ ಅಡುಗೆಮನೆಯಲ್ಲಿ ನಿಂತು ಹೇಳಲು ತೊಡಗಿದ್ದೇನೆ. ಉಸಿರು ತೆಗೆದುಕೊಳ್ಳುವ ಜಾಗವನ್ನು ಎರಡು ಕಡೆ ಅಮ್ಮ ಆಗಲೇ ತಿದ್ದಿದ್ದಾರೆ.