ದೋಸ್ತರ ಕೂಡ ಫ್ಲೈ ಫಿಶಿಂಗ್‌ಗೆ ಹೊಂಟ ಕ್ರೈಸ್ತರಿಗೆ ಒಂದಿಷ್ಟು ಹೇಳೂದೈತಿ

ದೋಸ್ತರನ್ನ ಕೆರಿ ದಂಡಿಗೆ ಕರಕೊಂಡ್ ಹೋಗಿ, ತಪ್ಪಿಸ್ಕೊಳ್ಳಾಕ ಬರದಂಗ ಕುಂದ್ರಿಸಿ ಸುವಾರ್ತೆ ಹೇಳೂ ಪ್ಲ್ಯಾನ್ ಇದ್ರ ಅದನ್ನ ಈಗ ಕೈಬಿಡ್ರಿ. ಯೋಹಾನನ 21ನೇ ಅಧ್ಯಾಯ ತಗದ್ ನೋಡ್ರಿ, ಪೇತ್ರ ಮೀನ ಹಿಡ್ಯಾಕ ಹೊಂಟೀನಿ ಅಂತಾನ, ಉಳದವ್ರೂ ನಾವೂ ಬರ್ತೀವಿ ಅಂತಾರ, ರಾತ್ರಿಯೆಲ್ಲಾ ಒಂದೂ ಸಿಗಂಗಿಲ್ಲ, ಮುಂಜಾನೆ ನೋಡಿದ್ರ ಯೇಸುಸ್ವಾಮಿ ದಂಡಿಮ್ಯಾಲೆ ಕೆಂಡದಾಗ ಮೀನ ಸುಟ್ಟು, ರೊಟ್ಟಿ ಇಟ್ಕೊಂಡು ಬರ್ರಿ ಊಟಾ ಮಾಡ್ರಿ ಅಂತ ಕರೀತಾನ. ಪೇತ್ರನ್ನ ಕೇಳಬೇಕಾದ್ದು ಕೇಳಿದ್ದು ಎಲ್ಲಾರ ಊಟಾ ಮುಗದ ಮ್ಯಾಲೆ. ನಾವು ಅದನ್ನ ಉಲ್ಟಾ ಮಾಡ್ತೀವಿ. ಬಾಸೆಲ್ ಮಿಶನ್‌ದವ್ರು ಧಾರವಾಡಕ್ಕ ಬಂದಿದ್ದು 1837ಕ್ಕ, ಇವತ್ತಿಗೂ ನಮ್ಮ ಮಂದಿ ನೆನಸೂದು ಅವ್ರ ಸಾಲಿ, ದವಾಖಾನಿ, ಕಿಟೆಲ್ ಸಾಹೇಬ್ರ ಡಿಕ್ಷನರಿ, ಯಾರೂ ಭಾಷಣ ನೆನಸಂಗಿಲ್ಲ.

ಹಂಗಾದ್ರ ಏನ್ ಮಾಡೂದು? ಮೊದಲ ಪರ್ಮಿಷನ್. ನಮ್ಮ ಕಡಿ ಕೆರಿಗಳನ್ನ ಹೆಚ್ಚಾಗಿ ಮೀನಗಾರರ ಸೊಸೈಟಿಗೋ ಟೆಂಡರ್ ಹಿಡದವ್ರಿಗೋ ಕೊಟ್ಟಿರ್ತಾರ, ಮರಿ ಬಿಡಾಕ ಅವ್ರು ರೊಕ್ಕಾ ಹಾಕಿರ್ತಾರ, ನೀವು "ನಾಕ ಮೀನಕ್ಕ ಏನಾಗ್ತೈತಿ" ಅಂತ ಕದ್ದು ಗಾಳ ಹಾಕಿ ಐತ್ವಾರ ಕಾಣಿಕೆ ಹಾಕಿದ್ರ ಅದಕ್ಕೇನ್ ಅರ್ಥ. ಅವ್ರನ್ನ ಹುಡುಕಿ ಕೇಳ್ರಿ, ರೊಕ್ಕಾ ಕೇಳಿದ್ರ ಕೊಡ್ರಿ. ಕುಡಿಯೋ ನೀರಿನ ಕೆರಿ ಅಂದ್ರ, ನೀರಸಾಗರದಂಥಾದ್ದು, ಹೇಳದ ಕೇಳದ ಒಳಗ ಹೋಗಬ್ಯಾಡ್ರಿ. ಮಳಿ ಶುರುವಾದಾಗ ಮೀನ ತತ್ತಿ ಇಡೂ ಟೈಮ್, ಅವಾಗ ಮನ್ಯಾಗ ಇರ್ರಿ.

ಇನ್ನ ಫ್ಲೈ ಅಂದ್ರ ಎರಿಹುಳ ಕಟ್ಟೂ ಗಾಳ ಅಲ್ಲ. ಗಾಳಕ್ಕ ದಾರಾ, ಪುಕ್ಕಾ ಸುತ್ತಿ ಹುಳದಂಗ ಮಾಡಿರ್ತಾರ, ಅದಕ್ಕ ತೂಕನ ಇರಂಗಿಲ್ಲ, ತೂಕ ಇರೂದು ದಪ್ಪನ ಲೈನ್‌ನಾಗ, ನೀವು ಒಗಿಯೂದು ಲೈನ್‌ನ, ಫ್ಲೈ ಅದರ ಹಿಂದ ಹೋಗ್ತೈತಿ. 9 ಫೂಟಿನ 6 ವೇಟ್ ರಾಡ್ (ಅಂದ್ರ 6 ನಂಬರಿನ ಲೈನಿಗೆ ಹೊಂದೂ ರಾಡ್), ತೇಲೂ ಲೈನ್, ಮುಂದ ತೆಳ್ಳನ ಲೀಡರ್, ಅಂದ್ರ ಲೈನಿಗೂ ಫ್ಲೈಗೂ ನಡುವಿನ ನೈಲಾನ್ ದಾರಾ, ಇಷ್ಟ್ ಸಾಕು. ಮೊದಲ ಸಾಲಿ ಗ್ರೌಂಡ್‌ನ್ಯಾಗ ಫ್ಲೈ ಬದ್ಲಿ ಉಣ್ಣಿ ದಾರದ ತುಂಡ ಕಟ್ಟಿ ಕಲೀರಿ. ರಾಡ್ ಹಿಂದಕ್ಕ ಗಡಿಯಾರದ 1 ಗಂಟಿ ತನಕ ಎತ್ತಿ ಗಪ್ ಅಂತ ನಿಲ್ಲಸ್ರಿ, ಲೈನ್ ಹಿಂದ ಪೂರ್ತಿ ನೆಟ್ಟಗ ಆಗೂತನ ತಡೀರಿ, ಆಮ್ಯಾಲೆ ಮುಂದ 10 ಗಂಟಿಗೆ ತಂದ್ ನಿಲ್ಲಸ್ರಿ. ಬಾರಕೋಲ ಹೊಡದಂಗ ಚಟ್ ಅಂದ್ರ ನೀವು ಗಡಿಬಿಡಿ ಮಾಡೀರಿ, ಫ್ಲೈ ಹರದೂ ಹೋಗಿರಬಹುದು. ಎಲ್ಲಾರೂ ಕೆಡೂದು ಆ ತಡಿಯೂದ್ರಾಗನ, ತೋಳಿನ ಶಕ್ತಿ ಇಲ್ಲಿ ಏನೂ ಕೆಲಸಕ್ಕ ಬರಂಗಿಲ್ಲ.

ಹಿಂದ ಜಾಲಿ ಗಿಡ, ಮ್ಯಾಲೆ ಕರೆಂಟಿನ ತಂತಿ, ಬಾಜೂಕ ದೋಸ್ತ, ಮೂರೂ ನೋಡ್ರಿ. ಕಾರ್ಬನ್ ರಾಡ್‌ನ್ಯಾಗ ಕರೆಂಟ್ ಹರೀತೈತಿ. ಟೋಪಿಗಿ, ಚಸ್ಮಾ ಎಲ್ಲಾರಿಗೂ ಬೇಕು. ಬಲಗೈಯವ್ರು ಗಾಳಿ ಎಡಗಡಿಯಿಂದ ಬರೂ ಹಂಗ ನಿಲ್ರಿ, ಇಲ್ಲಂದ್ರ ಗಾಳ ನಿಮ್ಮ ಕಿವಿಗೇ ಬರ್ತೈತಿ. ಗದಗ ಕಡಿ ಮಳಿಗಾಲದ ಗಾಳಿಯಾಗ ಅಂತೂ ಬ್ಯಾಡ, ಕಪ್ಪತಗುಡ್ಡದ ಮ್ಯಾಲೆ ಸುಮ್ಮನ ಗಾಳಿ ಪಂಕಾ ಹಾಕಿಲ್ಲ. ಹಾವೇರಿಯವ್ರು ಗಳಗನಾಥದ ಕಡಿ, ವರದಾ ತುಂಗಭದ್ರಾ ಕೂಡೂ ಜಾಗಾಕ್ಕ ಹೋದ್ರ ದಂಡಿಮ್ಯಾಲಿಂದನ ಒಗೀರಿ, ಹೊಳಿಯಾಗ ಉಸುಕು ತಗದ್ ಗುಂಡಿ ಬಿದ್ದಿದ್ದು ಕಾಣಂಗಿಲ್ಲ.

ಟ್ರೌಟ್ ಸಿಗಂಗಿಲ್ಲರಿ, ಅದಕ್ಕ ತಣ್ಣನ ನೀರು ಬೇಕು. ನಮಗ ಜಿಲೇಬಿ ಮೀನ, ಅಂದ್ರ ತಿಲಾಪಿಯಾ, ಮತ್ತ ಹುಲ್ಲಿನ ಬಾಜೂಕ ಕೊರವ. ತಿಲಾಪಿಯಾ ಆಫ್ರಿಕಾದ ಮೀನ, ನಮ್ಮ ದೇಶಕ್ಕ ತಂದಿದ್ದು 1952ಕ್ಕ, ಟೆಂಡರ್‌ದವ್ರು ಹೂಂ ಅಂದ್ರ ಅದನ್ನ ತಿನ್ರಿ. ಬ್ಯಾರೆ ಸಣ್ಣ ಮೀನ ಸಿಕ್ರ ಕೈ ತೊಯ್ಸಿಕೊಂಡ ಹಿಡೀರಿ, ನೀರಾಗ ಇಟ್ಟಕೊಂಡನ ಗಾಳ ಬಿಚ್ಚಿ ಬಿಡ್ರಿ. ಗಾಳದ ತುದಿಯ ಹಿಮ್ಮುಳ್ಳನ್ನ ಮನ್ಯಾಗನ ಪಕ್ಕಡದಿಂದ ಒತ್ತಿ ತಂದಿದ್ರ ಬಿಚ್ಚೂದು ಸಸಾರ. ಹೆಂಡ್ತಿ ಕೇಳಿದಾಗ ಮೀನಿನ ಉದ್ದ ಇದ್ದಷ್ಟ ಹೇಳ್ರಿ, ನಂಬಿಕಿ ಅಂದ್ರ ದೊಡ್ಡ ದೊಡ್ಡದ್ರಾಗ ಅಷ್ಟ ಇರಂಗಿಲ್ಲ.

ಊಟದ್ದು ಮರೀಬ್ಯಾಡ್ರಿ. ಗ್ಯಾಂಗ್‌ನ್ಯಾಗ ಒಬ್ಬಾಂವರ ಲಿಂಗಾಯತ ದೋಸ್ತ ಇರ್ತಾನ, ಅಂವಾ ಮೀನ ಮುಟ್ಟಂಗಿಲ್ಲ ಆದ್ರೂ ಒಗ್ಯಾಕ ಖುಷಿಲೆ ಬರ್ತಾನ. ಅವನ ಸಲುವಾಗಿ ಬುತ್ತಿ ಬ್ಯಾರೆ ಇರ್ಲಿ, ರೊಟ್ಟಿ, ಶೇಂಗಾ ಚಟ್ನಿ, ಗಿರ್ಮಿಟ್ಟು, ಮೀನ ಸುಡೂ ಒಲಿ ದೂರ ಹೂಡ್ರಿ. ಶ್ರಾವಣದಾಗ ಕರದ್ರ ಒಲಿನ ಹೂಡಬ್ಯಾಡ್ರಿ. ಊಟಕ್ಕ ಮುಂಚೆ ಪ್ರಾರ್ಥನೆ ದಿನಾ ಮನ್ಯಾಗ ಹೆಂಗ ಮಾಡ್ತೀರೋ ಹಂಗ ಮಾಡ್ರಿ, ಎರಡ ಮಾತು, ಸಣ್ಣ ದನಿ. ದೋಸ್ತರು ಬಂದಾರಂತ ಉದ್ದ ಮಾಡಬ್ಯಾಡ್ರಿ, ನಾಚಿಕಿ ಅಂತ ಬಿಡಬ್ಯಾಡ್ರಿ. ಯಾರರ ತಾವಾಗೇ ಏನರ ಕೇಳಿದ್ರ ಉತ್ತರ ಹೇಳ್ರಿ, ಕೇಳಿದಷ್ಟಕ್ಕ.

ಹೋಗೂದು ಶನಿವಾರ ಇಟ್ಕೋರಿ, ಐತ್ವಾರ ಮುಂಜಾನೆ ಮೀನ ಚೊಲೊ ಕಚ್ತಾವ ಅನ್ನೂದು ನೆವ. ಕಡದ ನೈಲಾನ್ ತುಂಡ ಕಿಸೆದಾಗ ಹಾಕ್ಕೊಂಡ ಬರ್ರಿ, ಹಕ್ಕಿ ಕಾಲಿಗೆ ಸುತಕೋತಾವ. ಪೆಟ್ರೋಲ್ ಲೆಕ್ಕಾ ಅವತ್ತ ಸಂಜಿಕ ಮುಗಸ್ರಿ, ಲೈನ್ ಸಬ್ಕಾರ ನೀರಾಗ ಒರಸಿ ಇಡ್ರಿ, ಇಲ್ಲಂದ್ರ ಮುಂದಿನ ಸಲ ತೇಲಂಗಿಲ್ಲ.