ಆಕಡೆ ಹೋದ್ರೆ ಮೈನಸ್ ಆಗುತ್ತೆ, ನೀವೇ ಹೇಳಿದ್ರಲ್ಲ ಸರ್

ಏಳನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ ನನ್ನ ಮುಂದಿತ್ತು. ಸಮೀಕರಣ ಸುಲಭದ್ದೇ: 2ಕ + 3 = 11. (ತರಗತಿಯಲ್ಲಿ ನಾವು ಬರೆಯುವುದು ಎಕ್ಸ್, ವೈ. ಇಲ್ಲಿ ಓದಲು ಸಲೀಸಾಗಲಿ ಅಂತ ಕನ್ನಡ ಅಕ್ಷರ ಹಾಕಿದ್ದೇನೆ.) ಮುಂದಿನ ಸಾಲು ಸರಿಯಾಗಿತ್ತು, 2ಕ = 8. ಅದರ ಕೆಳಗೆ ನೀಟಾಗಿ ಬರೆದಿದ್ದಳು: ಕ = 8 − 2 = 6.

"ಎರಡನ್ನ ಯಾಕಮ್ಮ ಕಳೆದೆ?"

"ಆಕಡೆ ಹೋದ್ರೆ ಮೈನಸ್ ಆಗುತ್ತೆ, ನೀವೇ ಹೇಳಿದ್ರಲ್ಲ ಸರ್."

ಹೌದು, ನಾನೇ ಹೇಳಿದ್ದೆ. ಹಿಂದಿನ ವಾರವಷ್ಟೇ ಬೋರ್ಡ್ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆ. ಪಾಪ, ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಪಕ್ಷಾಂತರದ, ಅಂದರೆ ಸಂಖ್ಯೆಯನ್ನು ಸಮ ಚಿಹ್ನೆಯ ಆಚೆ ಬದಿಗೆ ಒಯ್ಯುವ ಈ ಸೂತ್ರ ಸಂಖ್ಯೆಗೆ ಕಾಲು ಕೊಟ್ಟು ಬೇಲಿ ಹಾರಿಸುತ್ತದೆ. ಹಾರುವಾಗ ಏನಾಯಿತು, ಯಾಕಾಯಿತು ಅಂತ ಮಾತ್ರ ಹೇಳುವುದಿಲ್ಲ.

ಮರುದಿನ ಅದೇ ತರಗತಿಗೆ ಅಕ್ಷರವೇ ಇಲ್ಲದ ಒಂದು ಲೆಕ್ಕ ಕೊಟ್ಟೆ: 8 + 4 = □ + 5. ಚೌಕದಲ್ಲಿ 7 ಬರಬೇಕು. ಸುಮಾರು ಮಕ್ಕಳು 12 ಬರೆದರು. ಒಂದಿಬ್ಬರು ಕಂಡದ್ದನ್ನೆಲ್ಲ ಕೂಡಿಸಿ 17 ಅಂದರು. ಗಣಿತ ಕಲಿಸುವವರಿಗೆ ಇದು ಹಳೇ ಲೆಕ್ಕ. ನನ್ನ ಮಕ್ಕಳಿಗೆ ಇದೆಲ್ಲ ಬೇಕಾಗಲ್ಲ ಅಂದುಕೊಂಡಿದ್ದೆ, ಅಷ್ಟೆ.

12 ಬರೆದವರಿಗೆ ಕೂಡುವುದು ಚೆನ್ನಾಗಿಯೇ ಬರುತ್ತದೆ. ಅವರ ಕಣ್ಣಿಗೆ ಸಮ ಚಿಹ್ನೆ ಅಂದರೆ "ಈಗ ಉತ್ತರ ಬರಿ" ಅನ್ನುವ ಅಪ್ಪಣೆ. ಒಂದನೇ ತರಗತಿಯಿಂದ ನೋಡಿದ್ದೇ ಹಾಗೆ: ಎಡಗಡೆ ಲೆಕ್ಕ, ಬಲಗಡೆ ಉತ್ತರ. ಅದಕ್ಕೇ ಅಲ್ವಾ 5 + 3 = 8 × 2 = 16 − 4 = 12 ಅಂತ ಉದ್ದಕ್ಕೆ ರೈಲು ಬಿಡೋದು? ಎರಡೂ ಅರ್ಥದಲ್ಲಿ ರೈಲೇ ಅದು. ಮೊದಲ ಬೋಗಿಯಲ್ಲಿರುವ 5 + 3 ಕೊನೆಯ ಬೋಗಿಯ 12ಕ್ಕೆ ಸಮ ಅಂತ ಹೇಳಿಬಿಡುತ್ತದೆ.

ಪಾಠಪುಸ್ತಕ ಪಕ್ಕಕ್ಕಿಟ್ಟು ಎರಡು ವಾರ ಸಮ ಚಿಹ್ನೆ ಒಂದನ್ನೇ ಕಲಿಸಿದೆ. 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಚಿಹ್ನೆಯನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದಾಗ, ಒಂದೇ ಉದ್ದದ ಜೋಡಿ ಗೆರೆಗಳಿಗಿಂತ ಸಮವಾದ ವಸ್ತು ಬೇರೆ ಯಾವುದಿದೆ ಅಂದಿದ್ದ. ಮಕ್ಕಳಿಗೆ ಇದು ಹಿಡಿಸಿತು. ಆಮೇಲೆ ದಿನಾ ನಾಲ್ಕೈದು ಸಾಲು ಬರೆದು ಸರಿಯೋ ತಪ್ಪೋ ಅಂತ ಕೇಳುತ್ತಿದ್ದೆ. 15 = 7 + 8 ಬರೆದಾಗ "ಉಲ್ಟಾ ಬರೆದಿದ್ದೀರಿ ಸರ್" ಅಂದರು. 9 = 9 ಅಂದಾಗ ಗಲಾಟೆಯೇ ಆಯಿತು, ಅದು ಲೆಕ್ಕವೇ ಅಲ್ಲವಂತೆ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು 37 + 48 = 38 + 47. ಕೂಡಿಸಬಾರದು, ಸುಮ್ನೆ ನೋಡಿ ಹೇಳಬೇಕು. ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ: "ಅದಕ್ಕೆ ಒಂದು ಜಾಸ್ತಿ ಮಾಡಿ ಇದಕ್ಕೆ ಒಂದು ಕಮ್ಮಿ ಮಾಡಿದ್ದೀರಿ, ಸರಿಹೋಯ್ತಲ್ಲ." ಅಕ್ಷರ ಇನ್ನೂ ಬೋರ್ಡ್ ಮೇಲೆ ಬಂದಿರಲಿಲ್ಲ. ಆದರೆ ಅವನು ಮಾಡಿದ್ದು ಬೀಜಗಣಿತವೇ.

ಇದಾದ ಮೇಲೆ 2ಕ + 3 = 11ಕ್ಕೆ ಮರಳಿದೆವು. "ಆಕಡೆ ಹೋಗು" ಅನ್ನುವ ಮಾತಿಗೆ ತರಗತಿಯಲ್ಲಿ ನಿಷೇಧ. 2ಕ + 3 − 3 = 11 − 3 ಅಂತ ಪೂರ್ತಿ ಬರೆಯಬೇಕು, ಆಮೇಲೆ ಎರಡೂ ಬದಿಯನ್ನು 2ರಿಂದ ಭಾಗಿಸಬೇಕು. 4 ಸಿಕ್ಕ ಮೇಲೆ ಅದನ್ನು ಮೊದಲ ಸಾಲಿನಲ್ಲಿ ಹಾಕಿ ತಾಳೆ ನೋಡಬೇಕು. ಆ ಹುಡುಗಿ ತನ್ನ ಹಳೇ 6ನ್ನೂ ಹಾಕಿ ನೋಡಿದಳು. 15 ಬಂತು. ತಾನೇ ಕೆಂಪು ಗೆರೆ ಎಳೆದಳು.

"ಇಷ್ಟುದ್ದ ಬರೆದ್ರೆ ಪರೀಕ್ಷೇಲಿ ಟೈಮ್ ಸಾಲುತ್ತಾ?" ಅಂತ ಜೊತೆಯ ಶಿಕ್ಷಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ತಿಂಗಳೊಳಗೆ ಮಕ್ಕಳೇ ಬೇಜಾರಾಗಿ ಮಧ್ಯದ ಸಾಲು ಬಿಡಲು ಶುರು ಮಾಡಿದರು. ಬಿಡಲಿ. ಏನನ್ನು ಬಿಟ್ಟೆವು ಅಂತ ಅವರಿಗೆ ಗೊತ್ತು.

ಸಮೀಕರಣದ ಎರಡು ಬದಿಯನ್ನು ಎರಡು ತಟ್ಟೆಯಾಗಿ ತೋರಿಸುವ ತಕ್ಕಡಿ ಚಿತ್ರದ ಬಗ್ಗೆ ಒಂದು ಮಾತು. ನಾನೂ ಬಳಸುತ್ತೇನೆ, ಆದರೆ ಬೇಗ ಬಿಡುತ್ತೇನೆ. ಕ + 5 = 2 ಬಂದ ದಿನ ತಕ್ಕಡಿ ಕೈ ಕೊಡುತ್ತದೆ, −3 ತೂಕದ ಕಲ್ಲು ಎಲ್ಲಿದೆ? ಒಂದು ವರ್ಷ ತಕ್ಕಡಿಗೆ ಬಲೂನು ಕಟ್ಟಿ ಮೇಲಕ್ಕೆಳೆಯುವ ಚಿತ್ರ ಬರೆದೆ. ಅವತ್ತಿಡೀ ಪೀರಿಯಡ್ ಬಲೂನಿನ ಬಗ್ಗೆಯೇ ಮಾತು. ಋಣ ಸಂಖ್ಯೆಗೆ ಸಾಲದ ಲೆಕ್ಕವೇ ವಾಸಿ. 628ರಲ್ಲಿ ಬ್ರಹ್ಮಗುಪ್ತ ಧನ, ಋಣ ಅಂದದ್ದೂ ಅದನ್ನೇ. ಸೊನ್ನೆಯಿಂದ ಋಣವನ್ನು ಕಳೆದರೆ ಧನ ಅಂತ ಅವನು ನಿಯಮ ಕೊಟ್ಟಿದ್ದ. ಸಾಲ ಮನ್ನಾ ಆದರೆ ಲಾಭ ತಾನೇ? −(ಕ − 3) ಬಿಡಿಸುವಾಗ 3ರ ಮುಂದೆ ಪ್ಲಸ್ ಹೇಗೆ ಬಂತು ಅಂತ ಕೇಳುವವರಿಗೆ ಈಗಲೂ ಇದನ್ನೇ ಹೇಳುತ್ತೇನೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ಸಜಾತಿ ಪದಗಳನ್ನು (2ಕ, 5ಕ ಥರ ಒಂದೇ ಅಕ್ಷರದವು, ಕೂಡಿಸಬಹುದಾದವು) ಕಲಿಸುವಾಗ ವರ್ಷಗಟ್ಟಲೆ "ಪೆ ಅಂದರೆ ಪೆನ್ನು, ಪು ಅಂದರೆ ಪುಸ್ತಕ, 3ಪೆ + 2ಪು ಕೂಡಿಸೋಕೆ ಆಗಲ್ಲ" ಅನ್ನುತ್ತಿದ್ದೆ. ಆ ಹೊತ್ತಿಗೆ ಕೆಲಸ ಆಗುತ್ತಿತ್ತು. ಬಿಸಿ ತಟ್ಟಿದ್ದು ಎಂಟನೇ ತರಗತಿಯಲ್ಲಿ. "ಶಿಕ್ಷಕರ 6 ಪಟ್ಟು ವಿದ್ಯಾರ್ಥಿಗಳಿದ್ದಾರೆ, ಸಮೀಕರಣ ಬರೆಯಿರಿ" ಅಂದರೆ ಜಾಣ ಮಕ್ಕಳೂ 6ವಿ = ಶಿ ಅಂತ ಬರೆದರು. ಅವರು ಓದಿಕೊಂಡದ್ದು "6 ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕ" ಅಂತ. ಅಕ್ಷರ ಅಂದರೆ ವಸ್ತುವಿನ ಹೆಸರು ಅಂತ ನಾನೇ ತಲೆಗೆ ತುಂಬಿದ್ದೆನಲ್ಲ! ಶಿಕ್ಷಕರು 5 ಜನ ಅಂತ ಹಾಕಿ ನೋಡಿ ಅಂದೆ. ವಿದ್ಯಾರ್ಥಿಗಳು 30, ಆದರೆ 6 × 30 = 5 ಆಗಲ್ಲ. ವಿ = 6ಶಿ ಅಂತ ತಿದ್ದಿದರು. ಈಗ ಪೆನ್ನು ಬಿಟ್ಟಿದ್ದೇನೆ. "ಪೆ ಅಂದರೆ ಏನು?" ಅಂದರೆ "ಪೆನ್ನುಗಳ ಸಂಖ್ಯೆ" ಅಂತ ಪೂರ್ತಿ ಹೇಳಿಸುತ್ತೇನೆ.

ಅಕ್ಷರ ಯಾಕೆ ಬೇಕು ಅನ್ನುವುದಕ್ಕೆ ಒಂದು ಹಳೇ ಆಟ ಸಾಕು. ಮನಸ್ಸಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ, ಎರಡರಿಂದ ಗುಣಿಸಿ, 6 ಕೂಡಿಸಿ, ಅರ್ಧ ಮಾಡಿ, ಮೊದಲ ಸಂಖ್ಯೆ ಕಳೆಯಿರಿ. ಎಲ್ಲರಿಗೂ 3! ಇದು ಹೇಗೆ ಅಂತ ಅವರು ಜಗಳಕ್ಕೇ ಬಂದಾಗ 2ಕ + 6, ಅರ್ಧ ಕ + 3 ಅಂತ ಬರೆಯುತ್ತೇನೆ. ಎಲ್ಲರ ಮನಸ್ಸಿನ ಸಂಖ್ಯೆಯೂ ಆ ಒಂದು ಅಕ್ಷರದಲ್ಲಿ ಇದೆ ಅಂತ ಆಗ ಗೊತ್ತಾಗುತ್ತದೆ.

ಪ್ರೌಢಶಾಲೆಯಲ್ಲಿ ನನಗೆ ಜಾಸ್ತಿ ಸಹಾಯಕ್ಕೆ ಬಂದದ್ದು ಚೌಕದ ಚಿತ್ರ. (ಅ + ಬ)² ಅಂದರೆ ಅ² + ಬ² ಅನ್ನುವವರಿಗೆ ಮೊದಲು 3, 4 ಹಾಕಿಸುತ್ತೇನೆ: 49 ಎಲ್ಲಿ, 25 ಎಲ್ಲಿ? ಬದಿಯನ್ನು 3 ಮತ್ತು 4 ಅಂತ ಒಡೆದು ಚೌಕ ಬರೆದರೆ ಒಳಗೆ 9, 16, ಜೊತೆಗೆ ಎರಡು 12 ಕಾಣುತ್ತವೆ. ಮರೆತದ್ದು ಆ ಎರಡು ತುಂಡುಗಳನ್ನು.

ಹತ್ತನೇ ತರಗತಿಯ ವರ್ಗ ಸಮೀಕರಣಕ್ಕೂ ಅದೇ ಚಿತ್ರ. ಸುಮಾರು 820ರಲ್ಲಿ ಬಾಗ್ದಾದಿನಲ್ಲಿ ಗಣಿತಜ್ಞ ಅಲ್-ಖ್ವಾರಿಜ್ಮಿ ಬಿಡಿಸಿದ ಲೆಕ್ಕವನ್ನೇ ಕೊಡುತ್ತೇನೆ: ಕ² + 10ಕ = 39. ಬದಿ ಕ ಇರುವ ಚೌಕ ಬರೆದು, 10ಕವನ್ನು 5ಕ, 5ಕ ಅಂತ ಸೀಳಿ ಎರಡು ಬದಿಗೆ ಅಂಟಿಸಿದರೆ ಮೂಲೆಯೊಂದು ಖಾಲಿ. ಅದನ್ನು ತುಂಬಲು 25 ಬೇಕು. ಈ ಬದಿಗೆ 25 ಕೊಟ್ಟರೆ ಆ ಬದಿಗೂ ಕೊಡಬೇಕು ಅಂತ ಈಗ ಯಾರೂ ಹೇಳಿಕೊಡಬೇಕಾಗಿಲ್ಲ. 64 ಆಯಿತು, ಕ + 5 = 8, ಕ = 3.

"ಮೈನಸ್ ಎಂಟರ ವರ್ಗವೂ 64 ತಾನೇ? ಹಾಗಾದ್ರೆ −13 ಕೂಡ ಬರುತ್ತೆ" ಅಂತ ಈ ಸಲ ಒಬ್ಬಳು ಎದ್ದು ನಿಂತಳು.

"ಬದಿ −13 ಇರೋ ಚೌಕ ಬರಿ ನೋಡೋಣ" ಅಂತ ಪಕ್ಕದವಳು ಕಿಚಾಯಿಸಿದಳು.

ಅಲ್-ಖ್ವಾರಿಜ್ಮಿಯೂ 3ಕ್ಕೇ ನಿಲ್ಲಿಸಿದ್ದ ಅಂತ ಹೇಳಿದೆ. ಮೊದಲನೆಯವಳು ಕೇಳಿಸಿಕೊಳ್ಳಲೇ ಇಲ್ಲ. ಆಗಲೇ ಬೋರ್ಡ್ ಹತ್ತಿರ ಬಂದು 169ರಿಂದ 130 ಕಳೆಯುತ್ತಿದ್ದಳು.