ಓನರ್ ಮನೆ ಮಾರೋಕೆ ಇಟ್ಟಾಗ, ನೋಡೋಕೆ ಬರೋರನ್ನ ನಾವು ನಿಭಾಯಿಸಿದ್ದು ಹೀಗೆ

ಬಾಡಿಗೆ ಮನೇಲಿ ಇರೋರಿಗೆ ಓನರ್ "ಮನೆ ಮಾರ್ಬೇಕು ಅಂತಿದೀವಿ" ಅಂದ ತಕ್ಷಣ ತಲೆಗೆ ಬರೋದು ಒಂದೇ ಪ್ರಶ್ನೆ, ಯಾವಾಗ ಖಾಲಿ ಮಾಡ್ಬೇಕು ಅಂತ. ಆದ್ರೆ ಅದು ಬರೋದು ಎಷ್ಟೋ ತಿಂಗಳಾದ್ಮೇಲೆ, ಕೆಲವ್ರಿಗೆ ಬರೋದೇ ಇಲ್ಲ. ಅದಕ್ಕಿಂತ ಮುಂಚೆ ಬರೋದು ಮನೆ ನೋಡೋ ಜನ. ಬ್ರೋಕರ್‌ಗಳು, ಅವ್ರು ಕರ್ಕೊಂಡು ಬರೋ ಪಾರ್ಟಿಗಳು, ಪಾರ್ಟಿ ಜೊತೆ ಅವ್ರ ಅಣ್ಣ ಅತ್ತಿಗೆ, ಇನ್ನೊಂದ್ಸಲ ತೋರಿಸ್ತೀವಿ ಅಂತ ಅವ್ರ ಅಪ್ಪ ಅಮ್ಮ. ನಾನು ಬರೀತಿರೋದು ಈ ನಡುವಿನ ಕಾಲದ ಬಗ್ಗೆ ಮಾತ್ರ. ನಮ್ಮನೇಲಿ ನಾನು, ನನ್ನ ಗಂಡ, ಸ್ಕೂಲಿಗೆ ಹೋಗೋ ಮಗಳು, ಮಧ್ಯಾಹ್ನ ಮಲಗ್ಲೇಬೇಕಾದ ವಯಸ್ಸಿನ ನಮ್ಮತ್ತೆ ಇದೀವಿ, ನನ್ನ ಆಫೀಸ್ ಕೆಲಸ ಬಹುಪಾಲು ಮನೆಯಿಂದಲೇ, ಹಾಗಾಗಿ ಬೆಲ್ ಹೊಡೆದಾಗೆಲ್ಲ ಎದ್ದು ಹೋಗ್ಬೇಕಾದವ್ಳು ನಾನೇ.

ಮೊದಲು ಮಾಡಿದ್ದು ಅಗ್ರಿಮೆಂಟ್ ತೆಗೆದು ಪೂರ್ತಿ ಓದಿದ್ದು. ಸೈನ್ ಮಾಡೋವಾಗ ಯಾರೂ ಗಮನ ಕೊಟ್ಟು ಓದದ ಮೂರು ವಿಷಯ ಈಗ ಮುಖ್ಯ ಆಗುತ್ತೆ: ಓನರ್ ಮನೆಯೊಳಗೆ ಬರೋದ್ರ ಬಗ್ಗೆ ಏನಿದೆ, ನೋಟಿಸ್ ಪೀರಿಯಡ್ ಎಷ್ಟು, ಮಾರಾಟ ಆದ್ರೆ ಏನು ಅಂತ ಎಲ್ಲಾದ್ರೂ ಬರೆದಿದ್ಯಾ. ನಮ್ಮದ್ರಲ್ಲಿ "ಮುಂಚಿತವಾಗಿ ತಿಳಿಸಿ ಪರಿಶೀಲನೆ ಮಾಡಬಹುದು" ಅಂತ ಒಂದು ಸಾಲಿತ್ತು ಅಷ್ಟೇ, ಖರೀದಿ ಮಾಡೋರನ್ನ ಕರ್ಕೊಂಡು ಬರೋ ವಿಷಯ ಇರ್ಲೇ ಇಲ್ಲ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇದೆ, ಆದ್ರೆ ಹೋಲಿಕೆ ಕೂಡ ಇದೆ. ಭಾರತದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಅಗ್ರಿಮೆಂಟಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಬಾಡಿಗೆ ಕಟ್ಟಿಕೊಂಡು ಷರತ್ತು ಪಾಲಿಸ್ತಿರೋ ಬಾಡಿಗೆದಾರರು ಅಡ್ಡಿ ಇಲ್ಲದೆ ಮನೇಲಿ ಇರ್ಬಹುದು, ಮತ್ತೆ ಅದೇ ಕಲಮಿನಲ್ಲಿ ಓನರ್ ಅಥ್ವಾ ಅವ್ರ ಕಡೆಯೋರು ಸೂಕ್ತವಾದ ಹೊತ್ತಲ್ಲಿ ಬಂದು ಮನೆ ಸ್ಥಿತಿ ನೋಡೋಕೆ ನಾವು ಬಿಡ್ಬೇಕು ಅಂತಾನೂ ಇದೆ. ಇಂಗ್ಲೆಂಡಲ್ಲಿ ರಿಪೇರಿಗೆ ಸಂಬಂಧಪಟ್ಟ ಪರಿಶೀಲನೆಗೆ 24 ಗಂಟೆ ಮುಂಚೆ ಬರವಣಿಗೆಯಲ್ಲಿ ತಿಳಿಸ್ಬೇಕು ಅಂತ 1985ರ ಕಾಯ್ದೆಯಲ್ಲಿದೆ. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲೂ ಅದೇ 24 ಗಂಟೆ, ಆದ್ರೆ ಅದು ಮಾದರಿ ಅಷ್ಟೇ, ಆಯಾ ರಾಜ್ಯ ಅದನ್ನ ತನ್ನ ಕಾನೂನು ಮಾಡ್ಕೊಂಡಿದ್ರೆ ಮಾತ್ರ ಅನ್ವಯ ಆಗುತ್ತೆ. ಇದನ್ನೆಲ್ಲ ನಾನು ಓನರ್ ಮುಖಕ್ಕೆ ಹಿಡಿಯೋಕೆ ಓದ್ಲಿಲ್ಲ. ನಾವು ಸಮಯ ಕೇಳೋದ್ರಲ್ಲಿ ತಪ್ಪಿಲ್ಲ ಅಂತ ನಮಗೇ ಗಟ್ಟಿ ಆಗ್ಬೇಕಿತ್ತು, ಅದಾಯ್ತು.

ಇನ್ನೂ ಒಂದು ಸಮಾಧಾನದ ವಿಷಯ, ಮನೆ ಮಾರಿದ ತಕ್ಷಣ ಬಾಡಿಗೆ ಕರಾರು ಮುರಿದು ಬೀಳಲ್ಲ. ಅದೇ 1882ರ ಕಾಯ್ದೆಯ 109ನೇ ಕಲಂ ಪ್ರಕಾರ ಕೊಂಡ್ಕೊಂಡೋರು ಹಳೇ ಓನರ್ ಜಾಗಕ್ಕೆ ಬರ್ತಾರೆ, ಜರ್ಮನಿಯ ಸಿವಿಲ್ ಕೋಡ್‌ನ 566ನೇ ಕಲಮಲ್ಲೂ ಇದೇ ತತ್ವ ಇದೆ. ಆದ್ರೆ ನಿಮ್ಮ ಪೇಪರ್ ಮೇಲೆ "ಲೀವ್ ಅಂಡ್ ಲೈಸೆನ್ಸ್" ಅಂತಿದ್ರೆ (ಅಂದ್ರೆ ಬಾಡಿಗೆ ಹಕ್ಕಲ್ಲ, ಮನೇಲಿ ಇರೋಕೆ ಬರೀ ಅನುಮತಿ) ಹುಷಾರಾಗಿರಿ, ಭಾರತದ ಈಸ್‌ಮೆಂಟ್ಸ್ ಕಾಯ್ದೆಯ 59ನೇ ಕಲಂ ಪ್ರಕಾರ ಲೈಸೆನ್ಸ್‌ಗೆ ಹೊಸ ಓನರ್ ತಾನಾಗೇ ಬದ್ಧ ಆಗಲ್ಲ. ಅಂಥ ಪೇಪರ್ ಇರೋರು ಒಬ್ಬ ವಕೀಲರ ಹತ್ರ ಒಂದ್ಸಲ ತೋರಿಸ್ಕೊಳ್ಳೋದು ಒಳ್ಳೇದು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಮ್ಮನ್ನ ಉಳಿಸಿದ್ದು ಒಂದೇ ಒಂದು ಕೆಲಸ, ಯಾವ ದಿನ ಯಾವ ಹೊತ್ತಲ್ಲಿ ಮನೆ ತೋರಿಸ್ತೀವಿ ಅಂತ ಓನರ್ ಕೇಳೋ ಮುಂಚೆ ನಾವೇ ಹೇಳಿದ್ದು. "ಬರ್ಬೇಡಿ" ಅಂತ ಬಾಡಿಗೆದಾರರು ಅಂದ್ರೆ ಜಗಳ ಶುರುವಾಗುತ್ತೆ, "ಯಾವಾಗ ಬೇಕಾದ್ರೂ ಬನ್ನಿ" ಅಂದ್ರೆ ಮನೆ ನಮ್ಮದಾಗಿ ಉಳಿಯಲ್ಲ. ಹಾಗಾಗಿ ವಾರದ ಮಧ್ಯ ಒಂದು ಸಂಜೆ, ಶನಿವಾರ ಬೆಳಿಗ್ಗೆ, ಎರಡು ಹೊತ್ತು ನಾವು ಆರಿಸಿದ್ವಿ. ಸಂಜೆ ಯಾಕಂದ್ರೆ ಕೆಲಸಕ್ಕೆ ಹೋಗೋರು ಆಗ್ಲೇ ಬರೋದು. ಬೆಳಿಗ್ಗೆ ಯಾಕಂದ್ರೆ ಕೊಂಡ್ಕೊಳ್ಳೋರಿಗೆ ಹಗಲು ಬೆಳಕು ಎಷ್ಟು ಬರುತ್ತೆ ಅಂತ ನೋಡ್ಬೇಕಿರುತ್ತೆ, ಅದು ಅವ್ರ ಕಡೆಯಿಂದ ನ್ಯಾಯವಾದ ಬೇಡಿಕೆ. ಭಾನುವಾರ ಮಾತ್ರ ಬೇಡ್ವೇ ಬೇಡ ಅಂದ್ವಿ.

ಓನರ್‌ನ ನಾವು ಅಂಕಲ್ ಅಂತಾನೇ ಕರೆಯೋದು. ಫೋನಲ್ಲಿ ಮಾತಾಡಿದ್ವಿ, "ಅಂಕಲ್, ಮನೆ ಮಾರೋದು ನಿಮ್ಮ ಹಕ್ಕು, ನಮ್ಮಿಂದ ತೊಂದ್ರೆ ಆಗಲ್ಲ, ಮನೆ ಚೆನ್ನಾಗಿ ಇಟ್ಟು ತೋರಿಸ್ತೀವಿ, ಆದ್ರೆ ಅತ್ತೆ ಆರೋಗ್ಯ ನಿಮಗೆ ಗೊತ್ತು, ನನ್ನ ಕೆಲಸಾನೂ ಗೊತ್ತು, ಈ ಎರಡು ಟೈಮಲ್ಲಿ ಎಷ್ಟು ಜನ ಬೇಕಾದ್ರೂ ಬರ್ಲಿ" ಅಂದೆ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, "ಏನಮ್ಮಾ, ಪಾರ್ಟಿ ಊರಿಂದ ಬಂದಿದ್ರೆ ಏನ್ ಮಾಡೋದು, ಕಾಯ್ತಾರಾ?" ಅಂದ್ರು. ಅದೂ ನಿಜವೇ. ಅಂಥವ್ರಿಗೆ ಹಿಂದಿನ ದಿನ ರಾತ್ರಿಯೊಳಗೆ ಹೇಳಿದ್ರೆ ಬೇರೆ ಹೊತ್ತು ಹೊಂದಿಸ್ತೀವಿ ಅಂತ ಒಪ್ಕೊಂಡ್ವಿ. ಫೋನ್ ಇಟ್ಟ ತಕ್ಷಣ ಮಾತಾಡಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಕಳಿಸ್ದೆ, "ಅಂಕಲ್, ನಾವು ಈಗ ಮಾತಾಡ್ಕೊಂಡಿದ್ದು ಇಷ್ಟು, ಸರಿ ಇದ್ಯಾ ನೋಡಿ" ಅಂತ. ಅವ್ರು ಓಕೆ ಅಂತ ಹಾಕಿದ್ರು. ಆ ಓಕೆ ಮುಂದೆ ಬಹಳ ಸಲ ಕೆಲಸಕ್ಕೆ ಬಂತು, ಯಾಕಂದ್ರೆ ಬ್ರೋಕರ್ ಯಾರೇ ಫೋನ್ ಮಾಡಿ "ಮೇಡಂ, ಹತ್ತು ನಿಮಿಷದಲ್ಲಿ ಗೇಟ್ ಹತ್ರ ಇರ್ತೀವಿ" ಅಂದ್ರೂ ನಾನು ವಾದ ಮಾಡ್ಬೇಕಿರ್ಲಿಲ್ಲ, ಅದೇ ಮೆಸೇಜ್ ಫಾರ್ವರ್ಡ್ ಮಾಡಿ "ಓನರ್ ಜೊತೆ ಹೀಗೆ ಮಾತಾಗಿದೆ ಸರ್, ಶನಿವಾರ ಬನ್ನಿ" ಅಂದ್ರೆ ಮುಗೀತು.

ಬ್ರೋಕರ್‌ಗಳ ಬಗ್ಗೆ ಹೇಳ್ಬೇಕು ಅಂದ್ರೆ, ಒಂದೇ ಮನೆ ಹಲವರ ಕೈಯಲ್ಲಿರುತ್ತೆ, ಯಾರು ಮೊದಲು ಪಾರ್ಟಿ ತರ್ತಾರೋ ಅವ್ರಿಗೆ ಕಮಿಷನ್, ಅದಕ್ಕೇ ಆ ಆತುರ. ಅವ್ರ ಮೇಲೆ ಕೋಪ ಮಾಡ್ಕೊಂಡು ಉಪಯೋಗ ಇಲ್ಲ. ನಾವು ಓನರ್ ಹತ್ರ ಕೇಳ್ಕೊಂಡಿದ್ದು ಎರಡು ವಿಷಯ: ನನ್ನ ನಂಬರ್ ಯಾರ್ಯಾರಿಗೋ ಕೊಡ್ಬೇಡಿ, ಎಲ್ಲ ನಿಮ್ಮ ಮೂಲಕವೇ ಬರ್ಲಿ, ಮತ್ತೆ ಯಾವ ಪಾರ್ಟಿನೂ ಬ್ರೋಕರ್ ಇಲ್ಲದೆ ಅಥ್ವಾ ನೀವಿಲ್ಲದೆ ಒಬ್ರೇ ಬರ್ಬಾರ್ದು. ಎರಡನೇದು ಸುರಕ್ಷತೆಯ ವಿಷಯ, ಇದ್ರಲ್ಲಿ ರಾಜಿ ಬೇಡ. ಹೊರಗೆ ಬೋರ್ಡ್ ನೋಡ್ಕೊಂಡು ಬಂದ್ವಿ ಅಂತ ಬೆಲ್ ಹೊಡೆಯೋರು ಇರ್ತಾರೆ, ನೋಡೋಕೆ ಸಭ್ಯರ ಥರಾನೇ ಇರ್ತಾರೆ, ಆದ್ರೂ ಬಾಗಿಲ ಚೈನ್ ತೆಗೀದೇನೇ "ಓನರ್ ನಂಬರ್ ಬೋರ್ಡಲ್ಲಿದೆ, ಮಾತಾಡ್ಕೊಂಡು ಬನ್ನಿ" ಅಂದು ಕಳಿಸ್ತಿದ್ದೆ. ಅತ್ತೆಗೂ ಮಗಳಿಗೂ ಅದನ್ನೇ ಹೇಳ್ಕೊಟ್ಟಿದ್ದೆ, ನಾನಿಲ್ಲ ಅಂದ್ರೆ ಬಾಗಿಲು ತೆಗೀಲೇಬೇಡಿ.

ಕೀ ಒಂದು ಸೆಟ್ ಕೊಟ್ಬಿಡಿ, ನಿಮಗೆ ತೊಂದ್ರೆ ಇಲ್ಲದೆ ನಾವೇ ತೋರಿಸ್ಕೊಂಡು ಹೋಗ್ತೀವಿ ಅಂತ ಒಬ್ರು ಬ್ರೋಕರ್ ಕೇಳಿದ್ರು. ಕೇಳೋದಕ್ಕೆ ಅನುಕೂಲ ಅನ್ಸುತ್ತೆ, ಕೆಲವು ಬಾಡಿಗೆದಾರರು ಕೊಡ್ತಾರೆ ಕೂಡ. ನನ್ನ ಪ್ರಕಾರ ಕೊಡ್ಬಾರ್ದು. ಒಂದು ಸಾಮಾನು ಕಾಣೆಯಾದ್ರೂ ಯಾರನ್ನ ಕೇಳ್ತೀರಿ, ಯಾವ ದಿನ ಯಾರು ಬಂದಿದ್ರು ಅಂತ ಬ್ರೋಕರ್‌ಗೂ ಗೊತ್ತಿರಲ್ಲ. ನಾವಿಬ್ರೂ ಇಲ್ಲದ ದಿನ ಓನರ್ ಕೈಗೆ ಮಾತ್ರ ಕೀ ಕೊಟ್ಟು, ಅವ್ರೇ ನಿಂತು ತೋರಿಸಿ, ಸಂಜೆ ವಾಪಸ್ ಇಸ್ಕೊಳ್ತಿದ್ವಿ.

ಬರೋ ದಿನದ ತಯಾರಿ ಅಂದ್ರೆ ಮನೆ ಹೊಳೆಯೋ ಹಾಗೆ ಮಾಡೋದಲ್ಲ, ಅದು ನಮ್ಮ ಕೆಲಸಾನೂ ಅಲ್ಲ. ದಿನಾ ಎಷ್ಟು ಗುಡಿಸಿ ಒರೆಸ್ತೀವೋ ಅಷ್ಟೇ. ಆದ್ರೆ ಒಡವೆ, ಬ್ಯಾಂಕ್ ಕಾಗದ, ಪಾಸ್‌ಪೋರ್ಟ್, ಅತ್ತೆಯ ಮಾತ್ರೆ ಡಬ್ಬಿ, ಲ್ಯಾಪ್‌ಟಾಪ್ ಇಷ್ಟೂ ಒಂದೇ ಬೀರುವಿಗೆ ಹೋಗಿ ಬೀಗ ಬೀಳ್ತಿತ್ತು. ಟೇಬಲ್ ಮೇಲೆ ಬಿಲ್ ಕವರ್, ಕೊರಿಯರ್ ಬಾಕ್ಸ್, ಮಗಳ ಸ್ಕೂಲ್ ಐಡಿ ಕಾರ್ಡ್, ಹೆಸ್ರು ನಂಬರ್ ಇರೋದು ಯಾವ್ದೂ ಕಣ್ಣಿಗೆ ಬೀಳ್ಬಾರ್ದು. ಬಚ್ಚಲು ಮನೆ ಒಣಗಿರ್ಬೇಕು, ಎಲ್ಲ ರೂಮಿನ ಲೈಟ್ ಮೊದಲೇ ಹಾಕಿರ್ಬೇಕು, ಯಾಕಂದ್ರೆ ಜನ ಕತ್ತಲಲ್ಲಿ ಸ್ವಿಚ್ ಹುಡುಕ್ತಾ ಅಲ್ಲೇ ನಿಂತ್ಕೊಳ್ತಾರೆ.

ಬಂದ್ಮೇಲೆ ಒಂದು ಕ್ರಮ ಇಟ್ಕೊಂಡಿದ್ದೆ. ನಾನೇ ಮುಂದೆ ಹೋಗೋದು, ಹಾಲ್, ಅಡುಗೆ ಮನೆ, ಬಾಲ್ಕನಿ, ನಮ್ಮ ರೂಮ್, ಕೊನೇಲಿ ಅತ್ತೆ ರೂಮ್. ಗುಂಪು ಚದುರಿ ಒಬ್ಬೊಬ್ರು ಒಂದೊಂದು ರೂಮಿಗೆ ಹೋದ್ರೆ ನೋಡ್ಕೊಳ್ಳೋಕಾಗಲ್ಲ, ಅದಕ್ಕೆ ಜನ ಜಾಸ್ತಿ ಇದ್ದಾಗ "ಎಲ್ರೂ ಒಟ್ಟಿಗೆ ಬನ್ನಿ, ಒಂದೊಂದೇ ರೂಮ್ ತೋರಿಸ್ತೀನಿ" ಅಂತ ಬಾಗಿಲಲ್ಲೇ ಹೇಳ್ಬಿಡ್ತಿದ್ದೆ. ಗೋಡೆಯೊಳಗಿನ ಕಪಾಟು ಮನೇಗೆ ಸೇರಿದ್ದು, ಅದನ್ನ ತೆಗೆದು ನೋಡೋದು ಸಹಜ. ನಮ್ಮ ಬೀರು, ನಮ್ಮ ಫ್ರಿಜ್ ತೆಗೆಯೋ ಹಾಗಿಲ್ಲ, ಹಾಗೆ ಕೈ ಹಾಕಿದವ್ರಿಗೆ "ಅದು ನಮ್ಮದು, ಮನೆ ಜೊತೆ ಬರಲ್ಲ" ಅಂತ ಮೆತ್ತಗೆ ಹೇಳಿದ್ರೆ ಎಲ್ರಿಗೂ ಅರ್ಥ ಆಗ್ತಿತ್ತು.

ಅತ್ತೆಯ ವಿಷಯ ನನಗೆ ಎಲ್ಲಕ್ಕಿಂತ ಕಷ್ಟ ಅನ್ಸಿದ್ದು. ಅವ್ರು ಮಲಗಿರೋ ರೂಮಿಗೆ ಗುರುತಿಲ್ಲದ ಗಂಡಸರು ಚಪ್ಪಲಿ ಬಿಟ್ಟು ಒಳಗೆ ಬಂದು ಸೀಲಿಂಗ್ ನೋಡ್ಕೊಂಡು ನಿಲ್ಲೋದು ಅವ್ರಿಗೆ ತುಂಬಾ ಸಂಕಟ ಆಗ್ತಿತ್ತು, "ನಾನು ಇಲ್ಲಿ ಇದೀನೋ ಇಲ್ವೋ ಅನ್ನೋ ಹಾಗೆ ಮಾತಾಡ್ತಾರೆ ಕಣಮ್ಮಾ" ಅಂದ್ರು ಒಂದಿನ. ಆಮೇಲಿಂದ ನೋಡೋರು ಬರೋ ಹೊತ್ತಿಗೆ ಅವ್ರನ್ನ ಹಾಲಿನ ಕುರ್ಚೀಲಿ ಕೂರಿಸಿ, ಬಂದೋರಿಗೆ ಮೊದಲು "ಇವ್ರು ನಮ್ಮತ್ತೆ" ಅಂತ ಪರಿಚಯ ಮಾಡ್ತಿದ್ದೆ. ಅಷ್ಟಕ್ಕೇ ಬಂದೋರ ದನಿ ತಗ್ಗುತ್ತಿತ್ತು, ಕೆಲವ್ರು ಕೂತು ಮಾತಾಡಿಸಿ ಹೋಗ್ತಿದ್ರು. ವಯಸ್ಸಾದವ್ರು, ಬಾಣಂತಿ, ಹುಷಾರಿಲ್ಲದವ್ರು ಇರೋ ಮನೇಲಿ ಇದನ್ನ ಖಂಡಿತ ಯೋಚನೆ ಮಾಡಿ, ಟೈಮ್ ಟೇಬಲ್ ಅವ್ರಿಗೆ ಹೊಂದ್ಕೊಂಡೇ ಆಗ್ಬೇಕು.

ಫೋಟೋ ವಿಷಯಕ್ಕೂ ಮೊದಲೇ ಮಾತಾಡ್ಕೊಳ್ಳಿ. ಬಂದ ಬ್ರೋಕರ್ ಬಾಗಿಲಿಂದಾನೇ ಫೋನ್ ಎತ್ತಿ ವಿಡಿಯೋ ಶುರು ಮಾಡ್ತಾರೆ, ಅದು ಆಮೇಲೆ ಎಲ್ಲೆಲ್ಲಿ ಹೋಗುತ್ತೆ ಅಂತ ನಮ್ಮ ಕೈಲಿರಲ್ಲ. ಗೋಡೆ ಮೇಲೆ ಮಗಳ ಫೋಟೋ, ಬಾಲ್ಕನೀಲಿ ಒಣಹಾಕಿರೋ ಬಟ್ಟೆ, ಬೀಗ ಎಂಥದ್ದು, ಟಿವಿ ಎಲ್ಲಿದೆ ಎಲ್ಲ ಅದ್ರಲ್ಲಿ ಬರುತ್ತೆ. ನಾವು ಒಂದು ದಿನ ಬಿಡುವು ಮಾಡ್ಕೊಂಡು ಮನೆಯವ್ರ ಫೋಟೋ ಎಲ್ಲ ಇಳಿಸಿ, ಹಗಲು ಬೆಳಕಲ್ಲಿ ನಾವೇ ಪ್ರತಿ ರೂಮಿನ ಫೋಟೋ ತೆಗೆದು ಓನರ್‌ಗೆ ಕಳಿಸಿದ್ವಿ, "ಇದನ್ನೇ ಎಲ್ರಿಗೂ ಕೊಡಿ ಅಂಕಲ್" ಅಂತ. ಇದ್ರಿಂದ ಇನ್ನೊಂದು ಲಾಭ ಆಯ್ತು, ಫೋಟೋ ನೋಡೇ ಬೇಡ ಅನ್ಸಿದೋರು ಬರೋದೇ ನಿಂತ್ರು, ಬರೋರ ಸಂಖ್ಯೆ ಕಮ್ಮಿ ಆಯ್ತು.

ನೋಡೋಕೆ ಬಂದವ್ರು ಬಾಡಿಗೆದಾರರನ್ನ ಪಕ್ಕಕ್ಕೆ ಕರೆದು ಕೇಳೋ ಪ್ರಶ್ನೆ ಗ್ಯಾರಂಟಿ: ನೀರು ಹೇಗೆ, ಮಳೆಗಾಲದಲ್ಲಿ ಸೋರುತ್ತಾ, ಅಕ್ಕಪಕ್ಕ ಹೇಗೆ, ನೀವ್ಯಾವಾಗ ಖಾಲಿ ಮಾಡ್ತೀರಾ. ನಮ್ಮ ಬಚ್ಚಲು ಮನೆ ಗೋಡೇಲಿ ತೇವ ಬರ್ತಿತ್ತು. ಸುಳ್ಳು ಹೇಳೋದು ನನಗೆ ಆಗಲ್ಲ, ಓನರ್ ವ್ಯಾಪಾರ ಕೆಡಿಸೋದೂ ಇಷ್ಟ ಇಲ್ಲ. ಅದಕ್ಕೆ ಓನರ್‌ಗೇ ಮೊದಲು ಹೇಳ್ದೆ, ಯಾರಾದ್ರೂ ನೇರವಾಗಿ ಕೇಳಿದ್ರೆ ಇದ್ದದ್ದು ಹೇಳ್ತೀನಿ, ಅದಕ್ಕಿಂತ ನೀವೇ ರಿಪೇರಿ ಮಾಡ್ಸಿದ್ರೆ ಒಳ್ಳೇದು ಅಂತ. ವರ್ಷದಿಂದ ಕೇಳ್ತಿದ್ದ ರಿಪೇರಿ ಆಗ ಆಯ್ತು. ಬೆಲೆ ಬಗ್ಗೆ, ಓನರ್ ಯಾಕೆ ಮಾರ್ತಿದ್ದಾರೆ ಅನ್ನೋದ್ರ ಬಗ್ಗೆ ಮಾತ್ರ ಬಾಯಿ ಬಿಡ್ತಿರ್ಲಿಲ್ಲ, ಅದು ಅವ್ರ ಮನೆ ವಿಷಯ. ಖಾಲಿ ಮಾಡೋ ಪ್ರಶ್ನೆಗೆ "ಅಗ್ರಿಮೆಂಟ್ ಪ್ರಕಾರ, ಓನರ್ ಹತ್ರ ಕೇಳಿ" ಅಂತ ಅಷ್ಟೇ. ಬಾಯ್ಮಾತಲ್ಲಿ ಯಾವ್ದೋ ತಿಂಗಳ ಹೆಸರು ಹೇಳಿದ್ರೆ ಅದನ್ನೇ ಹಿಡ್ಕೊಂಡು ಅವ್ರು ಲೋನ್ ಪ್ಲಾನ್ ಮಾಡ್ತಾರೆ, ಆಮೇಲೆ ಎಲ್ರಿಗೂ ಕಷ್ಟ.

ಈ ಎಲ್ಲ ತೊಂದರೆಗೆ ಬದಲಾಗಿ ನಾವು ಬಾಡಿಗೆ ಕಮ್ಮಿ ಮಾಡಿ ಅಂತ ಕೇಳ್ಲಿಲ್ಲ, ಕೇಳಿದ್ರೂ ತಪ್ಪಿಲ್ಲ. ನಾವು ಕೇಳಿದ್ದು, ನಮಗೆ ಬೇರೆ ಮನೆ ಮೊದಲೇ ಸಿಕ್ಕಿದ್ರೆ ಲಾಕ್-ಇನ್ (ಇಷ್ಟು ತಿಂಗಳು ಇರ್ಲೇಬೇಕು ಅನ್ನೋ ಷರತ್ತು), ನೋಟಿಸ್ ಪೀರಿಯಡ್ ಅಂತ ಹಿಡ್ಕೊಳ್ಬಾರ್ದು, ಅಡ್ವಾನ್ಸ್ ಪೂರ್ತಿ ವಾಪಸ್ ಕೊಡ್ಬೇಕು ಅಂತ. ಓನರ್‌ಗೆ ಖಾಲಿ ಮನೆ ಮಾರೋದೇ ಸುಲಭ, ಹಾಗಾಗಿ ಒಪ್ಪೋದು ಅವ್ರಿಗೆ ಭಾರ ಆಗ್ಲಿಲ್ಲ, ನಮಗೆ ಅದು ದೊಡ್ಡ ನಿರಾಳ.

ಕೊನೆಗೆ ಕೊಂಡ್ಕೊಂಡವ್ರು ಬಾಡಿಗೆ ಬರೋ ಮನೆ ಬೇಕು ಅಂತಾನೇ ಹುಡುಕ್ತಿದ್ದ ದಂಪತಿ, ಹಾಗಾಗಿ ನಾವು ಅಲ್ಲೇ ಉಳ್ಕೊಂಡ್ವಿ. ಆದ್ರೆ ರಿಜಿಸ್ಟ್ರೇಷನ್ ಆಗೋ ಹೊತ್ತಿಗೆ ಅಡ್ವಾನ್ಸ್ ಯಾರ ಕೈಲಿದೆ ಅನ್ನೋದು ಬಾಡಿಗೆದಾರರು ಬಿಡದೆ ಕೇಳ್ಬೇಕಾದ ಪ್ರಶ್ನೆ. ಹಳೇ ಓನರ್ "ಅವ್ರಿಗೆ ಕೊಟ್ಟಿದೀನಿ" ಅಂತಾರೆ, ಹೊಸಬರು "ನಮಗೆ ಬಂದಿಲ್ಲ" ಅಂತಾರೆ, ಮಧ್ಯ ಸಿಕ್ಕೊಳ್ಳೋರು ನಾವು. ಇಬ್ರೂ ಸೈನ್ ಮಾಡಿದ ಒಂದು ಪತ್ರ ಕೇಳಿದ್ವಿ, ಅದ್ರಲ್ಲಿ ಮಾರಾಟದ ತಾರೀಖು, ಅಡ್ವಾನ್ಸ್ ಹೊಸಬರಿಗೆ ಹೋಗಿದೆ ಅನ್ನೋದು, ಯಾವ ತಿಂಗಳಿಂದ ಬಾಡಿಗೆ ಯಾವ ಅಕೌಂಟಿಗೆ ಅನ್ನೋದು ಮೂರೂ ಇರ್ಬೇಕು ಅಂತ. 109ನೇ ಕಲಮಲ್ಲಿ, ಮಾರಾಟ ಆಗಿದೆ ಅಂತ ನಂಬೋಕೆ ಕಾರಣ ಇಲ್ಲದೆ ಹಳೇ ಓನರ್‌ಗೇ ಬಾಡಿಗೆ ಕೊಟ್ಟಿದ್ರೆ ಹೊಸಬರಿಗೆ ಮತ್ತೆ ಕೊಡ್ಬೇಕಿಲ್ಲ ಅಂತ ಇದೆ, ಆದ್ರೆ ನಮಗೆ ಮಾರಾಟದ ವಿಷಯ ಎಲ್ಲ ಗೊತ್ತಿತ್ತಲ್ಲ, ಅದಕ್ಕೇ ಪತ್ರ ಬೇಕೇ ಬೇಕಿತ್ತು. ಹೊಸ ಓನರ್ ಫೋನಲ್ಲಿ ಅಕೌಂಟ್ ನಂಬರ್ ಹೇಳಿ "ಹಾಕ್ಬಿಡಿ" ಅಂದ್ರು, ಹಳೇ ಅಂಕಲ್ ಕೂಡ ಹೂಂ ಅಂದ್ರು, ಆದ್ರೂ ನಾವು ಪತ್ರ ಕೈಗೆ ಬರೋವರೆಗೂ ನಿಂತು, ಅದು ಬಂದ ದಿನವೇ ಆ ತಿಂಗಳ ಬಾಡಿಗೆ ಹೊಸ ಅಕೌಂಟಿಗೆ ಹಾಕಿ ಇಬ್ರಿಗೂ ಸ್ಕ್ರೀನ್‌ಶಾಟ್ ಕಳಿಸಿದ್ವಿ.